ಹೀಟರ್ ಎಷ್ಟು ಹೊತ್ತು ಉರಿಯಬೇಕು?

ಪ್ರಶ್ನೆ: ಮಗನ ಕೆಲಸದಿಂದಾಗಿ ಧಾರವಾಡ ಬಿಟ್ಟು ದೆಹಲಿಗೆ ಬಂದಿದ್ದೇವೆ. ಇಲ್ಲಿ ಇದು ನಮ್ಮ ಮೊದಲ ಚಳಿಗಾಲ. ಮನೆಯಲ್ಲಿ ಏಳು ತಿಂಗಳ ಮೊಮ್ಮಗು ಇದೆ. ನಮ್ಮ ಯಜಮಾನರಿಗೆ 72 ವರ್ಷ, ಬಿಪಿ, ಶುಗರ್ ಎರಡೂ ಇವೆ. ರಾತ್ರಿಯಿಡೀ ಹೀಟರ್ ಇರಲಿ ಅಂತಾಳೆ ಸೊಸೆ. ಬೆಳಿಗ್ಗೆ ಎದ್ದರೆ ಎಲ್ಲರ ಗಂಟಲೂ ಒಣಗಿರುತ್ತದೆ. ಹೀಟರ್ ಕೋಣೆಯ ಆಮ್ಲಜನಕ ಸುಡುತ್ತದೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ದಿನಕ್ಕೆ ಎಷ್ಟು ತಾಸು ಹಾಕಬಹುದು?
– ಓದುಗರೊಬ್ಬರು, ದೆಹಲಿ

ಉತ್ತರ: ತಾಸಿನ ಲೆಕ್ಕಕ್ಕಿಂತ ಡಿಗ್ರಿಯ ಲೆಕ್ಕ ಮುಖ್ಯ, ತಾಯಿ. ಗೋಡೆಗೆ ಹಾಕುವ ಒಂದು ಸಣ್ಣ ಥರ್ಮಾಮೀಟರ್ ತನ್ನಿ. ಚಳಿ ದೇಶಗಳ ಮನೆಗಳ ಒಳಗೆ ಕನಿಷ್ಠ 18 ಡಿಗ್ರಿ ಸೆಲ್ಸಿಯಸ್ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ವಯಸ್ಸಾದವರಿಗೆ, ಕಾಯಿಲೆಯವರಿಗೆ ಇನ್ನೊಂದೆರಡು ಡಿಗ್ರಿ ಹೆಚ್ಚು ಬೇಕಾಗಬಹುದು. ಮುಳ್ಳು 20ರ ಹತ್ತಿರ ಬಂದರೆ ಹೀಟರ್ ಆರಿಸಿ. ಮಲಗುವ ಒಂದು ಗಂಟೆ ಮೊದಲು ಹಾಕಿ, ದೀಪ ಆರಿಸುವಾಗ ಅದನ್ನೂ ಆರಿಸಿದರೆ ಬಹಳಷ್ಟು ರಾತ್ರಿಗಳಿಗೆ ಸಾಕು. ಮಿಕ್ಕದ್ದನ್ನು ರಜಾಯಿ, ಕಾಲುಚೀಲಗಳು ನೋಡಿಕೊಳ್ಳುತ್ತವೆ. ಮತ್ತೆ ಹಾಕಬೇಕಾದದ್ದು ಬೆಳಗಿನ ಜಾವ, ಯಜಮಾನರು ಏಳುವ ಅರ್ಧ ಗಂಟೆ ಮೊದಲು. ಚಳಿಗೆ ರಕ್ತನಾಳಗಳು ಬಿಗಿದು ಬಿಪಿ ಏರುತ್ತದೆ. ಬೆಚ್ಚನೆಯ ಹಾಸಿಗೆಯಿಂದೆದ್ದು ತಣ್ಣನೆಯ ಬಚ್ಚಲಿಗೆ ನಡೆಯುವುದು ಅವರಂಥವರ ಹೃದಯಕ್ಕೆ ಒಳ್ಳೆಯದಲ್ಲ.

ಕೊರೆಯುವ ರಾತ್ರಿಗಳಲ್ಲಿ ಹೀಟರ್ ಇರಲೇಬೇಕು ಎಂದಾದರೆ, ತಾನಾಗಿ ಆರಿ ಹೊತ್ತಿಕೊಳ್ಳುವ, ಎಣ್ಣೆ ತುಂಬಿದ ಹೀಟರ್ ಮಾತ್ರ ಇಡಿ. ಕೆಂಪಗೆ ಕಾಯುವ ಕಾಯಿಲ್ ಹೀಟರನ್ನು ಉರಿಯಲು ಬಿಟ್ಟು ಯಾರೂ ನಿದ್ದೆ ಮಾಡಬಾರದು. ರಜಾಯಿಯ ಒಂದು ತುದಿ ಜಾರಿ ಬಿದ್ದರೂ ಬೆಂಕಿ ಹತ್ತುತ್ತದೆ. ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವುದೂ ಬೇಡ. 2000 ವಾಟ್‌ನ ಕಾಯಿಲ್ ಎಂಟು ಗಂಟೆ ಉರಿದರೆ 16 ಯೂನಿಟ್. ಆ ಬಿಲ್ಲಿಗೆ ನನ್ನಲ್ಲಿ ಔಷಧವಿಲ್ಲ.

ಪಕ್ಕದ ಮನೆಯವರ ಮಾತು ವಿದ್ಯುತ್ ಹೀಟರಿಗೆ ಅನ್ವಯಿಸದು. ಅದರಲ್ಲಿ ಏನೂ ಉರಿಯುವುದಿಲ್ಲ, ತಂತಿ ಕಾಯುತ್ತದೆ ಅಷ್ಟೆ. ಆದರೆ ಕಾದ ಗಾಳಿ ಗಂಟಲಿನ, ಮೂಗಿನ ತೇವವನ್ನು ಹೀರುತ್ತದೆ. ನಿಮಗೆ ಆಗುತ್ತಿರುವುದು ಇದೇ. ಹೀಟರ್ ಹೊತ್ತು ಇಳಿಸಿದರೆ ಅರ್ಧ ತೊಂದರೆ ಇಳಿಯುತ್ತದೆ. ಹೊರಗಿನ ಹೊಗೆಗೆ ಹೆದರಿ ಕಿಟಕಿ ತೆರೆಯಲು ಮನಸ್ಸಾಗದಿದ್ದರೆ ಕೋಣೆಯ ಬಾಗಿಲನ್ನಾದರೂ ಸ್ವಲ್ಪ ಓರೆ ಮಾಡಿಡಿ.

ಮಗುವಿನ ವಿಷಯದಲ್ಲಿ ಅಜ್ಜಿಯರ ಜೊತೆ ನನಗೆ ಸದಾ ಜಗಳ. ಕೈಕಾಲು ತಣ್ಣಗಿದೆ ಎಂದು ಸ್ವೆಟರ್ ಮೇಲೆ ಸ್ವೆಟರ್ ಹೇರಬೇಡಿ. ಮುಟ್ಟಿ ನೋಡಬೇಕಾದದ್ದು ಎದೆ, ಕತ್ತಿನ ಹಿಂಭಾಗ. ಅಲ್ಲಿ ಬೆವರಿದ್ದರೆ ಸೆಕೆ ಹೆಚ್ಚಾಗಿದೆ ಎಂದರ್ಥ. ಅತಿಯಾದ ಸೆಕೆ ಹಸುಳೆಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವ ಅಪಾಯವನ್ನು ಹೆಚ್ಚಿಸುತ್ತದೆ. ಮಲಗಿಸುವಾಗ ಟೋಪಿ ತೆಗೆಯಿರಿ, ಭಾರದ ರಜಾಯಿ ಹೊದಿಸಬೇಡಿ.

ಯಜಮಾನರು ಹೀಟರಿನಿಂದ ಮೂರು ಅಡಿ ದೂರ ಕೂರಲಿ. ಶುಗರಿನಿಂದ ಪಾದ ಜೋಮು ಹಿಡಿದಿದ್ದರೆ ಸುಟ್ಟರೂ ಗೊತ್ತಾಗದು. ಬಿಸಿನೀರಿನ ಚೀಲಕ್ಕೂ ಇದೇ ಮಾತು.

ಪ್ರಶ್ನೆ: ರಾತ್ರಿ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುತ್ತೇವೆ. ಹೊಗೆ ಬರುವುದಿಲ್ಲ. ಎಷ್ಟು ಹೊತ್ತು ಇಡಬಹುದು?
– ಓದುಗರು, ಮಡಿಕೇರಿ

ಉತ್ತರ: ಮಲಗುವ ಕೋಣೆಯಲ್ಲಿ ಒಂದು ನಿಮಿಷವೂ ಬೇಡ. ಹೊಗೆ ಇಲ್ಲದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗದೆ ಹೋಗಬಹುದು. ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೆ ಇದು ತಪ್ಪುವುದಿಲ್ಲ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಕೂಡ ಇದೇ ವಿಷ ಉಗುಳುತ್ತದೆ. ಸಂಜೆ ಜಗಲಿಯಲ್ಲಿ ಕೂತು ಕೈ ಕಾಯಿಸಿಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ.

ಮನೆಯ ಹಲವರಿಗೆ ಒಟ್ಟಿಗೇ ತಲೆನೋವು, ತಲೆಸುತ್ತು, ವಾಂತಿ ಶುರುವಾದರೆ ಮಾತ್ರೆ ಹುಡುಕುತ್ತಾ ನಿಲ್ಲಬೇಡಿ. ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಫೋನ್ ಮಾಡಿ. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿತೆಂದು ಸುಮ್ಮನಾಗಬೇಡಿ. ಈ ವಿಷ ಸೇರಿದ ರಕ್ತವನ್ನೂ ಅದು ಸರಿಯಾದ ರಕ್ತವೆಂದೇ ಓದುತ್ತದೆ.