ದಪ್ಪ ಗೋಡೆ, ಇಕ್ಕಟ್ಟಿನ ಸಂದು: ವೈರ್ ಎಳೆಯುವವರಿಗೆ ಒಂಬತ್ತು ಸೂತ್ರಗಳು

ವೈರಿಂಗ್ ಕೆಲಸದಲ್ಲಿ ತೋಳ್ಬಲಕ್ಕೆ ಜಾಗ ಬಹಳ ಕಡಿಮೆ. ಕೇಬಲ್ ಬಿಗಿ ಹಿಡಿಯಿತೆಂದರೆ ದಾರಿ ಆರಿಸುವಾಗಲೇ ಎಡವಿದ್ದೇವೆ ಎಂದು ತಿಳಿಯಬೇಕು. ಇಬ್ಬರು ಸೇರಿ ಜಗ್ಗಿದರೆ ವೈರೇನೋ ಬಂದೀತು. ಅದರ ಸಿಪ್ಪೆ ಎಲ್ಲಿ ಸುಲಿಯಿತು ಎಂಬುದು ಮಾತ್ರ ಯಾರಿಗೂ ಕಾಣುವುದಿಲ್ಲ. ಮಲೆನಾಡಿನ ಮಣ್ಣಿನ ಗೋಡೆ, ಕರಾವಳಿಯ ಕೆಂಪುಕಲ್ಲಿನ ಮನೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವಂಥ ಶೀತಲಗೃಹ, ಫಾಲ್ಸ್ ಸೀಲಿಂಗ್ ಮೇಲಿನ ಗೇಣುದ್ದದ ಸಂದು, ಎಲ್ಲ ಕಡೆಯೂ ಇದೇ ಕಥೆ.

1. ಮೇನ್ ಜೊತೆಗೆ ಯುಪಿಎಸ್ ಕೂಡ ಆಫ್ ಮಾಡಿ.
ಮೇನ್ ಸ್ವಿಚ್ ಇಳಿಸಿದರೆ ಕರೆಂಟ್ ಹೋಯಿತು ಎಂದುಕೊಳ್ಳುವುದು ಅಪಾಯ. ಯುಪಿಎಸ್ ಇರುವ ಮನೆಯಲ್ಲಿ ಲೈಟು, ಫ್ಯಾನಿನ ಲೈನಿಗೆ ಆಗಲೂ ವಿದ್ಯುತ್ ಬರುತ್ತಿರುತ್ತದೆ. ಚಾವಣಿಯಲ್ಲಿ ಸೋಲಾರ್ ಪ್ಯಾನೆಲ್ ಇದ್ದರೆ ಅದನ್ನೂ ವಿಚಾರಿಸಿ. ಬರೀ ನಿಯಾನ್ ಟೆಸ್ಟರ್ ನಂಬಬೇಡಿ. ಟೆಸ್ಟ್ ಲ್ಯಾಂಪನ್ನೋ ಮಲ್ಟಿಮೀಟರನ್ನೋ ಮೊದಲು ಕರೆಂಟ್ ಇರುವ ಪಾಯಿಂಟಿನಲ್ಲಿ ಹಿಡಿದು, ಅದು ಸರಿಯಿದೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಕೆಲಸದ ಜಾಗದಲ್ಲಿ ಹಿಡಿಯಿರಿ.

2. ಡ್ರಿಲ್ಲು ಹಿಡಿಯುವ ಮುಂಚೆ ಗೋಡೆಯ ಜಾತಿ ತಿಳಿಯಿರಿ.
ಇಟ್ಟಿಗೆ ಗೋಡೆ ಸಾಮಾನ್ಯವಾಗಿ ಒಂಬತ್ತು ಇಂಚು. ಹಳೆಯ ಮಣ್ಣಿನ ಗೋಡೆ, ಕಲ್ಲುಗೋಡೆ ಒಂದೂವರೆ ಎರಡು ಅಡಿ ಇರುವುದುಂಟು. ಮಣ್ಣಿನ ಗೋಡೆಗೆ ಡ್ರಿಲ್ಲಿನ ಹ್ಯಾಮರ್ ಮೋಡ್ ಹಾಕಬೇಡಿ. ಗಾರೆ ಪದರ ಪದರವಾಗಿ ಉದುರುತ್ತದೆ, ರಂಧ್ರ ಬಾಯಿ ತೆರೆಯುತ್ತಾ ಹೋಗುತ್ತದೆ. ಬಿಟ್ಟನ್ನು ಬರೀ ತಿರುಗಿಸುತ್ತ ನಿಧಾನವಾಗಿ ಕೊರೆಯಿರಿ.

ನಿಜವಾದ ಪರೀಕ್ಷೆ ಕಲ್ಲುಗೋಡೆಯದು. ಹಳೆಯ ಕಾಡುಗಲ್ಲಿನ ಗೋಡೆ ಸಾಮಾನ್ಯವಾಗಿ ಎರಡು ಮುಖದ ಕಟ್ಟಡ. ನಡುವೆ ಮಣ್ಣು, ಕಲ್ಲಿನ ಚೂರು ತುಂಬಿರುತ್ತಾರೆ. ಡ್ರಿಲ್ಲಿನ ಬಿಟ್ಟು ಮೊದಲ ಕಲ್ಲು ದಾಟುತ್ತಲೇ ಸಡಿಲ ಜಾಗಕ್ಕೆ ನುಗ್ಗಿ, ಎದುರಿನ ಕಲ್ಲಿನ ಮೇಲೆ ಜಾರಿ ಓರೆಯಾಗುತ್ತದೆ. ಅದನ್ನು ಹೊರಗೆಳೆದ ಗಳಿಗೆಯಲ್ಲೇ ಚೂರು ಕುಸಿದು ದಾರಿ ಮುಚ್ಚಿಬಿಡುತ್ತದೆ. ಉಪಾಯ ಹೀಗೆ: ಕಲ್ಲಿಗಿಂತ ಸಂದಿನ ಗಾರೆಯನ್ನು ಆರಿಸಿ, ಸಣ್ಣ ಉದ್ದನೆಯ ಬಿಟ್ಟಿನಿಂದ ಮೊದಲು ಆರಪಾರ ಗುರುತು ಮಾಡಿಕೊಳ್ಳಿ. ದೊಡ್ಡ ರಂಧ್ರವನ್ನು ಎರಡೂ ಕಡೆಯಿಂದ ಅರ್ಧರ್ಧ ಕೊರೆಯಿರಿ. ಆಗ ಆಚೆ ಬದಿಯ ಗಾರೆ ಚಕ್ಕೆಯಾಗಿ ಸಿಡಿಯುವುದಿಲ್ಲ. ಬಿಟ್ಟು ಹೊರಬಂದ ಕೂಡಲೇ ಪಿವಿಸಿ ಪೈಪಿನ ತುಂಡನ್ನು ಒಳಗೆ ತೂರಿಸಿ. ಕೇಬಲ್ ಹೋಗಬೇಕಾದ್ದು ಆ ಪೈಪಿನಲ್ಲೇ. ಬರಿಯ ಕಲ್ಲಿಗೆ ಕೇಬಲ್ ತಾಗಿಸುವುದು ಒಪ್ಪತಕ್ಕ ಕೆಲಸವಲ್ಲ.

3. ಹೊರಗೋಡೆಯ ರಂಧ್ರ ಹೊರಕ್ಕೆ ಇಳಿಜಾರಾಗಿರಲಿ.
ಒಳಗಿನ ಬಾಯಿ ತುಸು ಎತ್ತರ, ಹೊರಗಿನದು ತುಸು ತಗ್ಗು. ಹೊರಗೆ ಕೇಬಲನ್ನು ರಂಧ್ರಕ್ಕಿಂತ ಕೆಳಗೆ ಒಂದು ಬಾಗು ಇಳಿಸಿ ಮೇಲಕ್ಕೆ ತನ್ನಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಆಗುಂಬೆಯ ಕಡೆಯ ಮಳೆಗೆ ಸಿಲಿಕೋನ್ ಒಂದನ್ನೇ ನೆಚ್ಚಿಕೊಳ್ಳಲಾಗದು.

4. ಗ್ರೂವ್ ಕೊರೆಯಲು ಲೆಕ್ಕ ಇದೆ.
ಇಟ್ಟಿಗೆ ಗೋಡೆಯಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಗ್ರೂವ್ ಗೋಡೆಯ ದಪ್ಪದ ಮೂರನೇ ಒಂದು ಭಾಗ ಮೀರಬಾರದು. ಅಡ್ಡಡ್ಡ ಹೋಗುವುದು ಆರನೇ ಒಂದು ಭಾಗ ಮೀರಬಾರದು. 230 ಮಿ.ಮೀ. ಗೋಡೆಯಲ್ಲಿ ಅಡ್ಡ ಗ್ರೂವ್‌ಗೆ 38 ಮಿ.ಮೀ. ಸಿಗುತ್ತದೆ, 25 ಮಿ.ಮೀ. ಪೈಪು ಕೂತು ಮೇಲೆ ಗಾರೆಗೂ ಜಾಗ ಉಳಿಯುತ್ತದೆ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಸಿಗುವುದು ಬರೀ 19 ಮಿ.ಮೀ., ಅಂದರೆ 20 ಮಿ.ಮೀ. ಪೈಪೂ ಕೂರುವುದಿಲ್ಲ. ಅಲ್ಲಿ ಗೋಡೆಯನ್ನು ಅಡ್ಡ ಕೊರೆಯದೆ ಪೈಪನ್ನು ಚಾವಣಿಯ ಹತ್ತಿರ ಸಾಗಿಸಿ, ನೆಟ್ಟಗೆ ಕೆಳಗಿಳಿಸಿ. ಬೀಮು, ಕಾಲಮ್ಮಿನ ತಂಟೆಗೆ ಹೋಗಲೇಬೇಡಿ. ಕಬ್ಬಿಣ ಕಂಡರೂ ಕೊರೆಯುತ್ತಾ ಹೋದವರು ಇಡೀ ಮನೆಯ ಬಲವನ್ನೇ ಕತ್ತರಿಸುತ್ತಾರೆ.

5. ವೈರ್ ಎಳೆಯುವ ಸ್ಪ್ರಿಂಗ್ ಹಾಕುವುದರಲ್ಲಿ ಅವಸರ ಬೇಡ.
ಎರಡು ಬಾಕ್ಸ್‌ಗಳ ನಡುವೆ ಎರಡಕ್ಕಿಂತ ಹೆಚ್ಚು ಬೆಂಡ್ ಇಡಬೇಡಿ. ಮೂರನೆಯದು ಬೇಕಾದರೆ ನಡುವೆ ಒಂದು ಜಂಕ್ಷನ್ ಬಾಕ್ಸ್ ಕೊಡಿ. ಪೈಪಿನ ಒಳಜಾಗದ ಶೇ. 40ಕ್ಕಿಂತ ಹೆಚ್ಚು ವೈರ್ ತುಂಬಬೇಡಿ.

ಕಟ್ಟುವ ರೀತಿಯಲ್ಲಿ ಅರ್ಧ ಕೆಲಸ ಇದೆ. ಎಲ್ಲ ವೈರುಗಳನ್ನೂ ಒಂದೇ ಕಡೆ ಮಡಚಿ ಗಂಟು ಹಾಕಿದರೆ ಬೆಂಡಿನಲ್ಲಿ ಸಿಕ್ಕಿಕೊಳ್ಳುವುದು ಆ ಗಂಟೇ. ಒಂದು ವೈರಿನ ತಾಮ್ರವನ್ನು ಸ್ಪ್ರಿಂಗಿನ ಕಣ್ಣಿಗೆ ಸುತ್ತಿ, ಮುಂದಿನದನ್ನು ಎರಡು ಬೆರಳು ಹಿಂದೆ, ಅದರ ಮುಂದಿನದನ್ನು ಇನ್ನೂ ಹಿಂದೆ ಸೇರಿಸಿ, ಟೇಪನ್ನು ಮುಂದಿನಿಂದ ಹಿಂದಕ್ಕೆ ಒತ್ತಾಗಿ ಸುತ್ತಿ. ತುದಿ ಸೂಜಿಯಂತೆ ಮೊನಚಾಗಬೇಕು. ಒಂದು ಕಡೆ ಎಳೆಯುವವರು, ಇನ್ನೊಂದು ಕಡೆ ವೈರನ್ನು ಸುರುಳಿ ಬೀಳದಂತೆ ಬಿಡುವವರು. ಬಿಡುವವರ ಕೈಯೇ ಮುಖ್ಯ. ಇಬ್ಬರೂ ಕೂಗಿ ಹೇಳಿಕೊಂಡು ಒಟ್ಟಿಗೆ ತಳ್ಳಿ ಎಳೆಯಬೇಕು. ಜಾರಲು ಟಾಲ್ಕಂ ಪೌಡರ್ ಸಾಕು. ಗ್ರೀಸು, ಸೀಮೆಎಣ್ಣೆ ಹಚ್ಚಿದರೆ ವೈರಿನ ಪಿವಿಸಿ ಹಾಳಾಗುತ್ತದೆ.

ಸ್ಪ್ರಿಂಗ್ ಹೋಗದ ಉದ್ದದ ಪೈಪಿಗೆ ಇನ್ನೊಂದು ದಾರಿ: ಸಣ್ಣ ಸ್ಪಂಜಿನ ಚೂರಿಗೆ ನೈಲಾನ್ ದಾರ ಕಟ್ಟಿ ಒಂದು ಬಾಯಲ್ಲಿ ಬಿಟ್ಟು, ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿಯಿರಿ.

6. ಇಂಟರ್ನೆಟ್ ಕೇಬಲ್ ಇನ್ನೂ ಸೂಕ್ಷ್ಮ.
ಕ್ಯಾಟ್ 6 ಕೇಬಲನ್ನು 11 ಕಿಲೋ ಭಾರಕ್ಕಿಂತ ಹೆಚ್ಚು ಜಗ್ಗಬಾರದು. ಜಗ್ಗಿದರೆ ಒಳಗಿನ ಜೋಡಿಗಳ ಹೆಣಿಗೆ ಸಡಿಲವಾಗಿ ವೇಗ ಕುಸಿಯುತ್ತದೆ. ಬಾಗು ಕೇಬಲಿನ ದಪ್ಪದ ನಾಲ್ಕು ಪಟ್ಟಿನಷ್ಟಾದರೂ ವಿಶಾಲವಾಗಿರಲಿ. ಕರೆಂಟಿನ ಪೈಪಿನೊಳಗೆ ಇದನ್ನು ಸೇರಿಸಬೇಡಿ. ದಾಟಲೇಬೇಕಾದಲ್ಲಿ ನೇರ ಅಡ್ಡವಾಗಿ ದಾಟಿಸಿ.

7. ಇನ್ಸುಲೇಷನ್ ಒಳಗೆ ವೈರ್ ಬಿಸಿಯಾಗುತ್ತದೆ.
ಇದು ನಮ್ಮಲ್ಲಿ ತೀರ ಕಡೆಗಣಿಸಿದ ವಿಷಯ. ಬಿಸಿಲು ತಡೆಯಲೆಂದು ಗೋಡೆ, ಚಾವಣಿಗೆ ತುಂಬುವ ಈ ಪದಾರ್ಥ ವೈರಿನ ಬಿಸಿಯನ್ನೂ ಹೊರಗೆ ಬಿಡುವುದಿಲ್ಲ. ಬ್ರಿಟನ್ನಿನ ವೈರಿಂಗ್ ನಿಯಮಾವಳಿ ಬಿಎಸ್ 7671 ಕೊಡುವ ಲೆಕ್ಕ ನೋಡಿ: ಇನ್ಸುಲೇಷನ್ನಿನೊಳಗೆ ವೈರ್ 100 ಮಿ.ಮೀ. ಸಾಗಿದರೆ ಅದು ಹೊರಬಲ್ಲ ಕರೆಂಟು ಶೇ. 78ಕ್ಕೆ, 200 ಮಿ.ಮೀ. ಸಾಗಿದರೆ ಶೇ. 63ಕ್ಕೆ ಇಳಿಯುತ್ತದೆ, ಅರ್ಧ ಮೀಟರ್ ದಾಟಿದರೆ ಅರ್ಧವೇ. ಗೀಸರ್, ಎಸಿ ಲೈನನ್ನು ಇಂಥ ಕಡೆ ಒಯ್ಯುವುದಾದರೆ ಈ ಲೆಕ್ಕಕ್ಕೆ ತಕ್ಕಷ್ಟು ದಪ್ಪ ವೈರ್ ಹಾಕಿ, ಇಲ್ಲವೇ ದಾರಿ ಬದಲಿಸಿ.

ಇನ್ನೊಂದು ಮಾತು. ಪಿವಿಸಿ ವೈರ್ ಥರ್ಮಾಕೋಲಿಗೆ ನೇರ ತಾಗಬಾರದು. ಪಿವಿಸಿಯನ್ನು ಮೆದುವಾಗಿಡುವ ರಾಸಾಯನಿಕ ಥರ್ಮಾಕೋಲಿಗೆ ಹರಿದು, ವರ್ಷಗಳಾದ ಮೇಲೆ ವೈರಿನ ಮೈ ಗಟ್ಟಿಯಾಗಿ ಬಿರಿಯುತ್ತದೆ. ನಡುವೆ ಪೈಪಿರಲಿ.

8. ಶೀತಲಗೃಹದಲ್ಲಿ ರಂಧ್ರ ಮುಚ್ಚುವುದೇ ದೊಡ್ಡ ಕೆಲಸ.
ಇಲ್ಲಿನ ಗೋಡೆಯ ಪಫ್ ಪ್ಯಾನೆಲ್ ಎಂದರೆ ಎರಡು ಉಕ್ಕಿನ ತಗಡು, ನಡುವೆ ಫೋಮ್. ಹೋಲ್ ಸಾ ಬಳಸಿ ಕೊರೆಯಿರಿ. ವೆಲ್ಡಿಂಗ್, ಗ್ಯಾಸ್ ಕಟಿಂಗ್ ಅದರ ಹತ್ತಿರವೂ ಸುಳಿಯಬಾರದು. ಆ ಫೋಮಿಗೆ ಬೆಂಕಿ ತಗುಲಿದರೆ ಏಳುವ ಹೊಗೆ ವಿಷ. ತಗಡಿನ ಅಂಚಿಗೆ ರಬ್ಬರ್ ಬುಶ್ ಹಾಕದಿದ್ದರೆ ಅಂಚೇ ವೈರನ್ನು ಕೊಯ್ಯುತ್ತದೆ.

ಪ್ಯಾನೆಲ್ ದಾಟುವ ಪೈಪಿನ ಸುತ್ತ ಫೋಮ್ ತುಂಬಿ, ಹೊರಮುಖದಲ್ಲಿ ಸೀಲಂಟ್ ಹಚ್ಚುವುದು ಎಲ್ಲರಿಗೂ ಗೊತ್ತು. ಪೈಪಿನ ಒಳಗನ್ನು ಮುಚ್ಚಲು ಮಾತ್ರ ಬಹಳ ಜನ ಮರೆಯುತ್ತಾರೆ. ಹೊರಗಿನ ಬೆಚ್ಚನೆಯ ತೇವದ ಗಾಳಿ ಅದೇ ಪೈಪಿನಲ್ಲಿ ಒಳನುಗ್ಗಿ, ತಣ್ಣನೆಯ ಬಾಕ್ಸ್ ತಲುಪಿ ನೀರಾಗುತ್ತದೆ, ಮಂಜುಗಡ್ಡೆಯಾಗುತ್ತದೆ. ಲೈಟಿನ ಲೈನು ಕಾರಣ ಕಾಣದೆ ಟ್ರಿಪ್ ಆಗುತ್ತಿದ್ದರೆ ಮೊದಲು ಆ ಬಾಕ್ಸ್ ತೆರೆದು ನೋಡಿ.

9. ಗೋಡೆ ಮುಚ್ಚುವ ಮುನ್ನ.
ಪೈಪಿನೊಳಗೆ ಜಾಯಿಂಟ್ ಬೇಡ. ಜಾಯಿಂಟ್ ಏನಿದ್ದರೂ ಬಾಕ್ಸಿನಲ್ಲಿ. ಮುಂದೆ ವೈರ್ ಎಳೆಯಲು ಬೇಕಾದೀತು, ಪ್ರತಿ ಪೈಪಿನಲ್ಲೂ ಒಂದು ನೈಲಾನ್ ದಾರ ಬಿಟ್ಟಿರಿ. ಗಾರೆ ಮೆತ್ತುವ ಮೊದಲೇ ಮೆಗ್ಗರ್ ಹಿಡಿದು ವೈರಿನ ಇನ್ಸುಲೇಷನ್ ಪರೀಕ್ಷೆ ಮಾಡಿಸಿ. ಗೋಡೆಗೆ ಅಳತೆ ಟೇಪ್ ಹಿಡಿದು ಪ್ರತಿ ಗ್ರೂವಿನ ಫೋಟೋ ತೆಗೆದು ಮನೆಯವರಿಗೆ ಕೊಡಿ. ಮನೆ ಕಟ್ಟಿಸುತ್ತಿರುವವರಲ್ಲಿ ಒಂದು ವಿನಂತಿ: ಗಾರೆಯವರು ಬಂದಿದ್ದಾರೆಂದು ವೈರಿಂಗ್‌ನವರನ್ನು ಅವಸರಪಡಿಸಬೇಡಿ. ಈ ಪರೀಕ್ಷೆಗೆಂದೇ ಒಂದು ಪೂರ್ತಿ ದಿನ ಬಿಟ್ಟುಕೊಡಿ, ನೀವೂ ಜೊತೆಯಲ್ಲಿ ನಿಂತು ನೋಡಿ.