ಕಾಡುಹಾದಿಯಲ್ಲಿ ಜೀಪು

ಟಾರು ರಸ್ತೆ ಮುಗಿದು ಕಾಡಿನ ಮಣ್ಣುಹಾದಿ ಮೊದಲಾಗುವಲ್ಲಿ ವಾಹನ ನಡೆಸುವವನ ವಿದ್ಯಾಭ್ಯಾಸವೂ ಹೊಸದಾಗಿ ಮೊದಲಾಗುತ್ತದೆ. ಕೊಡಗು, ಮೂಡಿಗೆರೆ, ಸಕಲೇಶಪುರಗಳ ಕಡೆ ಪ್ರವಾಸ ಮಾಡಿದವರು, ಹಳೆಯ ಜೀಪುಗಳು ತೋಟಗಳ ಕೊರಕಲು ಹಾದಿಗಳಲ್ಲಿ ಆಮೆಯ ನಡಿಗೆಯಿಂದ ಏರಿಹೋಗುವುದನ್ನು ಕಂಡಿರಬಹುದು. ಅವಕ್ಕಿಂತ ಹೆಚ್ಚಿನ ಅಶ್ವಶಕ್ತಿಯುಳ್ಳ ಕಾರು ಅದೇ ಏರಿನಲ್ಲಿ ಗಾಲಿಗಳನ್ನು ಗಿರ್ರನೆ ತಿರುಗಿಸುತ್ತ ನಿಂತಲ್ಲಿಯೇ ನಿಲ್ಲುವುದುಂಟು. ಇದಕ್ಕೆ ಕಾರಣವೇನು? ಹೊಸಬರೂ ಸಾಗಬಹುದಾದ ಒಂದು ಸುಲಭ ಹಾದಿಯನ್ನು ಕಲ್ಪಿಸಿಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಅಂಗೈಯಗಲದ ಆಧಾರ

ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೧ರಿಂದ ತಯಾರಾದ ವಿಲ್ಲಿಸ್ ಜೀಪಿನ ತೂಕ ಸುಮಾರು ೧,೧೦೦ ಕಿಲೋಗ್ರಾಂ. ಜನ, ಸಾಮಾನುಗಳ ೩೦೦ ಕಿಲೋಗ್ರಾಮನ್ನು ಸೇರಿಸಿದರೆ ಒಟ್ಟು ೧,೪೦೦. ಪ್ರತಿಯೊಂದು ಗಾಲಿಯ ಪಾಲಿಗೆ ೩೫೦. ಟೈರಿನೊಳಗಿನ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ೨.೧ ಕಿಲೋಗ್ರಾಂ ಇದೆಯೆನ್ನೋಣ. ೩೫೦ನ್ನು ೨.೧ರಿಂದ ಭಾಗಿಸಿದರೆ, ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು ೧೬೭ ಚದರ ಸೆಂಟಿಮೀಟರು ಎಂದಾಗುತ್ತದೆ. ಅಂದರೆ ಹೆಚ್ಚುಕಡಮೆ ನಮ್ಮ ಒಂದು ಅಂಗೈಯಷ್ಟು! ಎಂಜಿನ್ನು ಎಷ್ಟೇ ಬಲಶಾಲಿಯಾಗಿರಲಿ, ಆ ಬಲವೆಲ್ಲವೂ ಇಂಥ ನಾಲ್ಕು ಅಂಗೈಗಳ ಮೂಲಕವೇ ನೆಲಕ್ಕೆ ತಲಪಬೇಕು.

ಗಾಳಿಯನ್ನು ೧.೪ಕ್ಕೆ ಇಳಿಸಿದರೆ ಆ ಜಾಗ ೨೫೦ ಚದರ ಸೆಂಟಿಮೀಟರಿಗೆ ಹಿಗ್ಗುತ್ತದೆ. ಭಾರ ಹರಡುವುದರಿಂದ ಟೈರು ಮೆತ್ತನೆಯ ಮಣ್ಣಿನಲ್ಲಿ ಅಷ್ಟಾಗಿ ಹೂಳುವುದಿಲ್ಲ. ಅನುಭವಸ್ಥರು ಕಾಡುಹಾದಿಯ ಮೊದಲಲ್ಲಿ ಸ್ವಲ್ಪ ಗಾಳಿ ಬಿಡುವುದು ಇದಕ್ಕಾಗಿಯೇ. ಆದರೆ ಟಾರು ರಸ್ತೆಗೆ ಮರಳಿದೊಡನೆ ಗಾಳಿ ತುಂಬಿಸಲೇಬೇಕು. ಒತ್ತಡ ಕಡಮೆಯಾದ ಟೈರು ವೇಗದಲ್ಲಿ ಓಡಿದರೆ ಬಿಸಿಯೇರಿ ಕೆಡುತ್ತದೆ.

ಏರಿನ ಲೆಕ್ಕ

ಐದು ಮೀಟರು ಮುಂದಕ್ಕೆ ಹೋಗುವಷ್ಟರಲ್ಲಿ ಒಂದು ಮೀಟರು ಮೇಲಕ್ಕೇರುವ ಹಾದಿಯಲ್ಲಿ ನಮ್ಮ ಜೀಪನ್ನು ಹಿಂದಕ್ಕೆಳೆಯುವ ಬಲ ಸುಮಾರು ೨೭೫ ಕಿಲೋಗ್ರಾಂ ಭಾರದಷ್ಟಿರುತ್ತದೆ. ಮಳೆಯಿಂದ ನೆನೆದ ಮಣ್ಣಿನಲ್ಲಿ ಘರ್ಷಣ ಗುಣಾಂಕವು ೦.೩ ಎಂದು ಹಿಡಿಯೋಣ. ಹಿಂದಿನ ಎರಡು ಗಾಲಿಗಳು ಮಾತ್ರ ತಳ್ಳುವಾಗ, ಅವುಗಳ ಮೇಲೆ ಅರ್ಧ ಭಾರವಿದ್ದರೆ, ದೊರೆಯುವ ಹಿಡಿತ ಸುಮಾರು ೨೦೫ ಕಿಲೋಗ್ರಾಂ. ಏರಿನಲ್ಲಿ ಹಿಂದಿನ ಗಾಲಿಗಳ ಮೇಲೆ ಭಾರ ತುಸು ಹೆಚ್ಚುವುದು ನಿಜ. ಆದರೂ ಅದು ೨೭೫ನ್ನು ಮುಟ್ಟಲಾರದು. ನಾಲ್ಕು ಗಾಲಿಗಳೂ ತಳ್ಳಿದರೆ ಹಿಡಿತ ೪೧೦ರಷ್ಟಾಗಿ ಜೀಪು ಏರುತ್ತದೆ. ಅಶ್ವಶಕ್ತಿಯ ಮಾತು ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ನಾಲ್ಕು ಗಾಲಿಗಳ ಚಾಲನೆಯನ್ನು ಕೆಸರಿಗೆ ಇಳಿಯುವ ಮೊದಲೇ ತೊಡಗಿಸಬೇಕು. ಸಿಕ್ಕಿಬಿದ್ದ ಮೇಲೆ ಅಲ್ಲ.

ನಿಧಾನವೇ ಪ್ರಧಾನ

ಈ ಜೀಪಿನಲ್ಲಿ ಎರಡು ಗೇರುಪೆಟ್ಟಿಗೆಗಳುಂಟು. ಮೊದಲನೆಯ ಗೇರಿನಲ್ಲಿ ವೇಗ ೨.೬೬೫ ಪಟ್ಟು, ಎರಡನೆಯ ಪೆಟ್ಟಿಗೆಯ ಕೆಳಗೇರಿನಲ್ಲಿ ೧.೯೭ ಪಟ್ಟು, ಅಚ್ಚಿನಲ್ಲಿ ೪.೮೮ ಪಟ್ಟು ತಗ್ಗುತ್ತದೆ. ಮೂರನ್ನೂ ಗುಣಿಸಿದರೆ ಸುಮಾರು ೨೫.೬. ಎಂಜಿನ್ನು ನಿಮಿಷಕ್ಕೆ ೧,೦೦೦ ಸುತ್ತು ತಿರುಗುವಾಗ ಗಾಲಿ ತಿರುಗುವುದು ೩೯ ಸುತ್ತು ಮಾತ್ರ. ಜೀಪಿನ ವೇಗ ಗಂಟೆಗೆ ಸುಮಾರು ೫ ಕಿಲೋಮೀಟರು, ಎಂದರೆ ಮನುಷ್ಯನ ನಡಿಗೆ. ವೇಗ ತಗ್ಗಿದಷ್ಟು ತಿರುಚುಬಲ ಹೆಚ್ಚುತ್ತದೆ. ಆದುದರಿಂದ ಎಂಜಿನ್ನನ್ನು ಅಬ್ಬರಿಸದೆ, ಗಾಲಿ ಜಾರದಂತೆ ಏರಬಹುದು. ಜಾರುವ ಗಾಲಿಗೆ ಉರುಳುವ ಗಾಲಿಗಿರುವಷ್ಟು ಹಿಡಿತವಿಲ್ಲ. ಜಾರಿದಾಗ ಆಕ್ಸಿಲರೇಟರನ್ನು ಮತ್ತಷ್ಟು ಒತ್ತುವುದು ಹೊಸಬರ ಸಹಜ ತಪ್ಪು. ಅದರಿಂದ ಗಾಲಿ ತನ್ನ ಹೊಂಡವನ್ನು ತಾನೇ ತೋಡಿಕೊಳ್ಳುತ್ತದೆ.

ಒಂದು ಗಾಲಿ ಹೊಂಡದ ಮೇಲೆ ನೆಲ ಬಿಟ್ಟು ನಿಂತರೆ ಇನ್ನೊಂದು ತೊಡಕು. ಅಚ್ಚಿನ ನಡುವೆ ಇರುವ ಡಿಫರೆನ್ಷಿಯಲ್ ಎಂಬ ಗೇರುಕಟ್ಟು ಎರಡೂ ಬದಿಗೆ ಸಮವಾದ ತಿರುಚುಬಲವನ್ನು ಕೊಡುತ್ತದೆ. ಗಾಳಿಯಲ್ಲಿ ತಿರುಗುವ ಗಾಲಿಗೆ ಬೇಕಾದ ಬಲ ಅತ್ಯಲ್ಪ. ನೆಲದ ಮೇಲಿನ ಗಾಲಿಗೂ ಅಷ್ಟೇ ದಕ್ಕುತ್ತದೆ. ಇದಕ್ಕೆ ಪರಿಹಾರ ಸರಳ: ಇಳಿದು, ಹೊಂಡಕ್ಕೆ ಕಲ್ಲು ತುಂಬಿ, ಎರಡೂ ಗಾಲಿಗಳಿಗೆ ನೆಲ ಸಿಗುವಂತೆ ಮಾಡುವುದು.

ಇಳುಕಲು ಮತ್ತು ಹಳ್ಳ

ಇಳಿಯುವಾಗಲೂ ಏರಿದ ಗೇರಿನಲ್ಲಿಯೇ ಇರಬೇಕು, ಕ್ಲಚ್ಚನ್ನು ಒತ್ತಬಾರದು. ಆಗ ಗಾಲಿಗಳೇ ಎಂಜಿನ್ನನ್ನು ತಿರುಗಿಸಬೇಕಾಗಿ, ಅದರ ತಡೆಯು ವಾಹನವನ್ನು ಹಿಡಿದಿಡುತ್ತದೆ. ಭಯದಿಂದ ಬ್ರೇಕನ್ನು ಗಟ್ಟಿಯಾಗಿ ತುಳಿದರೆ ಗಾಲಿಗಳು ಬಿಗಿದು ಜಾರತೊಡಗುತ್ತವೆ. ಉರುಳದ ಮುಂಗಾಲಿಯನ್ನು ಯಾವ ಕಡೆ ತಿರುಗಿಸಿದರೂ ಜೀಪು ಆ ಕಡೆ ತಿರುಗುವುದಿಲ್ಲ. ಪ್ರಾಣಾಪಾಯ ಹೆಚ್ಚಾಗಿರುವುದು ಇಲ್ಲಿಯೇ.

ಹಳ್ಳ ಬಂದರೆ ಮೊದಲು ಕೋಲು ಹಿಡಿದು ನಡೆದು ನೋಡಬೇಕು. ನೀರು ಗಾಲಿಯ ಗುಂಬಕ್ಕಿಂತ ಮೇಲಿದ್ದರೆ, ಅಥವಾ ರಭಸವಾಗಿ ಹರಿಯುತ್ತಿದ್ದರೆ, ಹೊಸಬರು ಹಿಂದಿರುಗುವುದೇ ವಿವೇಕ. ಗಾಳಿಯನ್ನು ಸಿಲಿಂಡರಿನಲ್ಲಿ ಅದುಮಬಹುದು, ನೀರನ್ನು ಅದುಮಲಾಗದು. ಎಂಜಿನ್ನಿನೊಳಕ್ಕೆ ನೀರು ಹೊಕ್ಕರೆ ಪಿಸ್ಟನ್ನಿನ ದಂಡವೇ ಬಾಗಿಹೋದೀತು.

ಹಾದಿಯ ಮೇಲಿನ ಋಣ

ಇಷ್ಟು ಹೊತ್ತು ವಾಹನದ ಕ್ಷೇಮವನ್ನು ಕುರಿತು ಹೇಳಿದೆವು. ನೆಲದ ಕ್ಷೇಮವೂ ಇದೇ ಸೂತ್ರಕ್ಕೆ ಸೇರಿದ್ದು. ಗಾಲಿ ಜಾರಿದಾಗ ಮೇಲ್ಮಣ್ಣು ಕಿತ್ತು ಜಾಡು ಆಳವಾಗುತ್ತದೆ. ಮುಂದಿನ ಮಳೆಯ ನೀರು ಆ ಜಾಡನ್ನೇ ಕಾಲುವೆ ಮಾಡಿಕೊಂಡು ಕೊರೆಯುತ್ತದೆ. ಕೆಸರನ್ನು ತಪ್ಪಿಸಲೆಂದು ಪಕ್ಕದ ತರಗೆಲೆಯ ಮೇಲೆ ಹಾಯಿಸಿದರೆ ಮಣ್ಣಿನ ಸೂಕ್ಷ್ಮ ರಂಧ್ರಗಳು ಅದುಮಿ ಮುಚ್ಚಿಹೋಗುತ್ತವೆ. ಆಗ ನೀರು ಇಂಗದು. ಬೇರಿಗೆ ಗಾಳಿ ದೊರೆಯದು. ಬಿದ್ದ ಬೀಜ ಮೊಳೆತು ನಿಲ್ಲುವುದೂ ಕಷ್ಟ. ನಮಗೆ ಒಂದು ನಿಮಿಷದ ಅನುಕೂಲವಾದದ್ದು ಕಾಡಿಗೆ ಹಲವು ವರ್ಷಗಳ ಗಾಯ. ಆದುದರಿಂದ ಇದ್ದ ಹಾದಿಯಲ್ಲಿಯೇ ಹೋಗಬೇಕು. ಮಳೆಗಾಲದಲ್ಲಿ ಹೋಗದಿರುವುದು ಇನ್ನೂ ಉತ್ತಮ.

ಎಲ್ಲ ಕಾಡುಹಾದಿಯೂ ನಮ್ಮದಲ್ಲವೆಂಬುದನ್ನೂ ಮರೆಯಬಾರದು. ೧೯೬೩ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಮೀಸಲು ಅರಣ್ಯದೊಳಕ್ಕೆ ಅತಿಕ್ರಮಿಸುವುದು ಅಪರಾಧ. ಅಭಯಾರಣ್ಯಗಳ ಪ್ರವೇಶವನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಯಂತ್ರಿಸುತ್ತದೆ. ಅನುಮತಿಯಿರುವ ಹಾದಿಯನ್ನೇ ಆರಿಸಿಕೊಂಡು, ಅನುಭವಸ್ಥರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಗಲಿನಲ್ಲಿ ಹೊರಡಬೇಕು. ಏರು ಮುಗಿದ ಮೇಲೆ ಒಮ್ಮೆ ಇಳಿದು ಹಿಂದಿರುಗಿ ನೋಡೋಣ. ಹಾದಿಯಲ್ಲಿ ಟೈರಿನ ಅಚ್ಚು ಮಾತ್ರ ಸ್ಪಷ್ಟವಾಗಿ ಮೂಡಿದ್ದು, ಮಣ್ಣು ಎಲ್ಲಿಯೂ ಕಿತ್ತಿರದಿದ್ದರೆ, ನಾವು ಪಾಠವನ್ನು ಸರಿಯಾಗಿ ಕಲಿತೆವೆಂದು ತಿಳಿಯಬಹುದು.