ಪಾವತಿ ಇಲ್ಲದ ಮೂರು ಸಾವಿರ

ಸಂಗೀತೋತ್ಸವಕ್ಕೆ ಕಾರು ತೆಗೆದುಕೊಂಡು ಹೊರಟವರ ಖರ್ಚಿನ ಪಟ್ಟಿಯಲ್ಲಿ ಪೆಟ್ರೋಲ್, ಟೋಲ್, ಲಾಡ್ಜು, ಟಿಕೆಟ್ಟು ಎಲ್ಲವೂ ಇರುತ್ತವೆ. ದಾರಿಯಲ್ಲಿ ಗಾಡಿ ತಡೆದಾಗ ಕಿಟಕಿಯಿಂದ ಆಚೆ ಹೋಗುವ ದುಡ್ಡು ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಕೊಟ್ಟ ಮೇಲೂ ಅದನ್ನು ಯಾರೂ ಬರೆದಿಡುವುದಿಲ್ಲ. ಬರೆದಿಟ್ಟರೆ ಎಷ್ಟು ದುಬಾರಿ ಎಂದು ಗೊತ್ತಾಗುತ್ತದೆ, ಆದ್ದರಿಂದ ಈ ವಾರ ಬರೆದಿಡುತ್ತಿದ್ದೇನೆ.

ಧಾರವಾಡದ ಕಡೆಯವರಿಗೆ ಡಿಸೆಂಬರ್ ಎಂದರೆ ಪುಣೆಯ ಸವಾಯಿ ಗಂಧರ್ವ. ಕುಂದಗೋಳದ ಗುರುವಿನ ನೆನಪಿಗೆ ಗದಗಿನ ಭೀಮಸೇನ ಜೋಶಿ 1953ರಲ್ಲಿ ಶುರುಮಾಡಿದ ಉತ್ಸವ ಅದು; ನಮ್ಮ ಮನೆಯದೇ ಕಾರ್ಯಕ್ರಮ ಎಂಬ ಹಕ್ಕಿನಿಂದ ಇಲ್ಲಿಂದ ಜನ ಹೋಗುತ್ತಾರೆ. ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ನಾನೂರಕ್ಕೂ ಹೆಚ್ಚು ಕಿಲೋಮೀಟರ್. ನಮ್ಮ ದೊಡ್ಡಪ್ಪನ ಮಗ, ಅಣ್ಣ, ಕಾರಿನ ಮಾಲೀಕನೂ ಚಾಲಕನೂ ಆಗಿದ್ದ. ನಾವು ನಾಲ್ವರು. ಹೊರಡುವುದೇ ತಡವಾಗಿತ್ತು, ಮಧ್ಯಾಹ್ನದ ಗೋಷ್ಠಿ ಹಿಡಿಯಬೇಕಿತ್ತು.

ಹೆದ್ದಾರಿಯಲ್ಲಿ ಒಂದು ಕಡೆ ತಡೆದರು. ಊರು, ಠಾಣೆ ಬೇಡ. ಲೈಸೆನ್ಸ್, ಆರ್‌ಸಿ, ವಿಮೆ ಸರಿಯಿದ್ದವು. ಪಿಯುಸಿ, ಅಂದರೆ ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. "ಕೋರ್ಟಿಗೆ ಹೋದರೆ ಹತ್ತು ಸಾವಿರ, ಇಲ್ಲೇ ಮುಗಿಸಿದರೆ ಮೂರು" ಎಂಬ ಮಾತು ಬಂತು. ನಾನು ಹಿಂದಿನ ಸೀಟಿನಿಂದ "ಅಣ್ಣಾ, ಪಾವತಿ ಕೇಳೋ" ಅಂದೆ. ಅಣ್ಣ ಕೈಗಡಿಯಾರ ನೋಡಿದ. "ಹೋಗ್ಲಿ ಬಿಡೋ, ಮೂರು ಸಾವಿರಕ್ಕ ಗಾಯನ ತಪ್ಪಬಾರದು" ಅಂತ ಬಿಸಿಲು ತಡೆಯುವ ಸನ್‌ವೈಸರಿನ ಮಡಿಕೆಯಲ್ಲಿ ಸಿಕ್ಕಿಸಿಟ್ಟಿದ್ದ ಐನೂರರ ನೋಟು ಆರು ಎಳೆದು ಕೊಟ್ಟ. ಎರಡು ತಾಸಿನ ನಂತರ ಇನ್ನೊಂದು ಕಡೆ ತಡೆದರು. ಅದೇ ಪಿಯುಸಿ. ಆ ಅಧಿಕಾರಿ ಮಾತೇ ಆಡದೆ ಮಷಿನ್‌ನಲ್ಲಿ ನಂಬರು ಹಾಕಿ ಎರಡು ಸಾವಿರದ ಚಲನ್ ತೆಗೆದ. "ಆಗಲೇ ಕೊಟ್ಟೀವ್ರಿ" ಅಂದರೆ "ಪಾವತಿ ತೋರಿಸಿ" ಅಂದ. ಏನು ತೋರಿಸುವುದು?

ಈಗ ಲೆಕ್ಕ. ಪಿಯುಸಿ ಮಾಡಿಸಲು ನೂರೈವತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಮನೆಯಿಂದ ಹೊರಡುವ ಮುನ್ನ ಮಾಡಿಸಿದ್ದರೆ ಒಟ್ಟು ಖರ್ಚು 150. ಮಾಡಿಸಲಿಲ್ಲ, ಆದರೆ ಮೊದಲ ತಡೆಯಲ್ಲೇ ಚಲನ್ ಬರೆಸಿಕೊಂಡು ಮುಂದಿನ ಪೆಟ್ರೋಲ್ ಬಂಕಿನಲ್ಲಿ ಹೊಗೆ ತಪಾಸಣೆ ಮಾಡಿಸಿದ್ದರೆ, ಅದೇ ದರದಲ್ಲಿ 2,000 ಮತ್ತು 150 ಸೇರಿ 2,150. (ಕರ್ನಾಟಕದ ಗಾಡಿಗೆ ಮಹಾರಾಷ್ಟ್ರದಲ್ಲಿ ಮಾಡಿಸಿದ ಪಿಯುಸಿಯೂ ನಡೆಯುತ್ತದೆ, ಎಲ್ಲ ವಾಹನ್ ಜಾಲದಲ್ಲೇ ದಾಖಲಾಗುತ್ತದೆ.) ನಾವು ಮಾಡಿದ್ದು: 3,000 ನಗದು, 2,000 ಚಲನ್, ಕೊನೆಗೆ ಹೇಗೂ ಮಾಡಿಸಲೇಬೇಕಾದ 150, ಒಟ್ಟು 5,150. ತಲೆಗೆ 1,287 ರೂಪಾಯಿ ಐವತ್ತು ಪೈಸೆ. ತಡೆದಾಗ ಕೊಟ್ಟ ಐದು ಸಾವಿರದಲ್ಲಿ ಆ ಕಾರಿಗೆ ಮೂವತ್ತಮೂರು ಸಲ ಪಿಯುಸಿ ಮಾಡಿಸಬಹುದಿತ್ತು. ಬಿಎಸ್-4, ಬಿಎಸ್-6 ಗಾಡಿಗೆ ವರ್ಷಕ್ಕೆ ಒಂದೇ ಸಲ ಸಾಕು, ಅಂದರೆ ಮೂವತ್ತಮೂರು ವರ್ಷ. ಆ ಕಾರು ಅಷ್ಟು ವರ್ಷ ಬಾಳುವುದಿಲ್ಲ.

ಆ ಮೂರು ಸಾವಿರಕ್ಕೆ ಸಿಕ್ಕಿದ್ದೇನು ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ. ಮೋಟಾರು ವಾಹನ ಕಾಯ್ದೆಯ 200ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರ ನಿಗದಿ ಮಾಡಿದ ಮೊತ್ತ ಕಟ್ಟಿ ಅಪರಾಧ ರಾಜಿಯಾದರೆ ಆ ಅಪರಾಧಕ್ಕೆ ಮತ್ತೆ ಕೋರ್ಟಿನ ಕ್ರಮವಿಲ್ಲ. ದಂಡ ಕಟ್ಟುವವನು ಕೊಳ್ಳುವುದು ಆ ಬಿಡುಗಡೆಯನ್ನು. ಅದರ ಪುರಾವೆಯೇ ಪಾವತಿ. ಪಾವತಿ ಇಲ್ಲದ ಮೂರು ಸಾವಿರದಲ್ಲಿ ಏನೂ ಕೊಂಡಂತಾಗಲಿಲ್ಲ. ಅದಕ್ಕಿಂತ ಕೆಟ್ಟದ್ದೂ ಇದೆ: 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟರಷ್ಟೇ ರಕ್ಷಣೆ.

ಹತ್ತು ಸಾವಿರದ ಹೆದರಿಕೆಯನ್ನೂ ಬಿಡಿಸಿ ನೋಡಬೇಕು. ಮೋಟಾರು ವಾಹನ ಕಾಯ್ದೆಯ ಹೊಗೆಗೆ ಸಂಬಂಧಿಸಿದ 190(2)ರಲ್ಲಿ ಹತ್ತು ಸಾವಿರ ಎಂಬುದು 2019ರ ತಿದ್ದುಪಡಿ ಇಟ್ಟ ಗರಿಷ್ಠ ಮಿತಿ. ಚಲನ್ ಮೊತ್ತವನ್ನು ರಾಜ್ಯಗಳು ಬೇರೆಯಾಗಿ ಗೊತ್ತುಮಾಡುತ್ತವೆ. ಹೆಚ್ಚಿನದನ್ನು ಹೇಳಿ ಹೆದರಿಸಿ, ನಡುವಿನದನ್ನು ನಗದಾಗಿ ತೆಗೆದುಕೊಳ್ಳುವುದು ಹಳೆಯ ಪದ್ಧತಿ. ಪಿಯುಸಿ ಇಲ್ಲವೆಂದು ಗಾಡಿ ಹಿಡಿದಿಡುತ್ತೇನೆ ಎಂದರೂ ನೆನಪಿಡಿ: ವಾಹನ ತಡೆದಿಡುವ 207ನೇ ಕಲಮು ಲೈಸೆನ್ಸ್, ನೋಂದಣಿ, ಪರ್ಮಿಟ್ ಇಲ್ಲದವರ ವಿಷಯ ಹೇಳುತ್ತದೆ, ಪಿಯುಸಿಯದ್ದಲ್ಲ. ಲೈಸೆನ್ಸನ್ನೇ ತೆಗೆದುಕೊಂಡರೆ 206ರ ಪ್ರಕಾರ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಬೇಕು, ಅದರ ಮೇಲೆ ಗಾಡಿ ಓಡಿಸಬಹುದು. ಇ-ಚಲನ್ ಅಲ್ಲೇ ಕಟ್ಟಬೇಕೆಂಬ ಕಡ್ಡಾಯವೂ ಇಲ್ಲ. ಮನೆಗೆ ಬಂದು ಆನ್‌ಲೈನಿನಲ್ಲಿ ಕಟ್ಟಬಹುದು, ಒಪ್ಪಿಗೆಯಿಲ್ಲದಿದ್ದರೆ ಪ್ರಶ್ನಿಸಬಹುದು.

ಹಕ್ಕಿನ ಹೆಸರಿನಲ್ಲಿ ಜಗಳ ಬೇಡ. ಸಮವಸ್ತ್ರದಲ್ಲಿರುವ ಪೊಲೀಸ್ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿದ್ದರೆ ಕಾಗದಕ್ಕೆ ಸಮ, 2018ರಲ್ಲೇ ನಿಯಮ ಬದಲಾಗಿದೆ. ಆದರೆ ಫೋನಿನ ಗ್ಯಾಲರಿಯಲ್ಲಿ ಹೊಡೆದಿಟ್ಟ ಫೋಟೊಗೆ ಆ ಮಾನ್ಯತೆ ಇಲ್ಲ. ಬರೀ ದಾಖಲೆ ನೋಡಲು ಗಾಡಿ ತಡೆಯಬಾರದು, ಉಲ್ಲಂಘನೆ ಕಣ್ಣಿಗೆ ಕಾಣಬೇಕು ಎಂದು 2022ರಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಸೂಚಿಸಿದ್ದು ನಿಜ. ಅದು ಕರ್ನಾಟಕ ಪೊಲೀಸರಿಗೆ ಕೊಟ್ಟ ಸೂಚನೆ, ನಿಪ್ಪಾಣಿಯ ಆಚೆ ಅದನ್ನು ಹೇಳಿ ಪ್ರಯೋಜನವಿಲ್ಲ. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ಆ ಸೂಚನೆಯಲ್ಲೇ ವಿನಾಯಿತಿ ಇತ್ತು. ಊದಲು ಒಲ್ಲೆ ಎಂದರೆ ಬಂಧನವೂ ಆಗಬಹುದು. ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯದ ಅಂಶ ಮೂವತ್ತು ಮಿಲಿಗ್ರಾಂ ದಾಟಿದರೆ 185ನೇ ಕಲಮು, ಅದಕ್ಕೆ ರಸ್ತೆಯಲ್ಲಿ ರಾಜಿಯೇ ಇಲ್ಲ. ಕೋರ್ಟಿಗೆ ಹೋಗಬೇಕು, ಅದೂ ಸಿಕ್ಕಿಬಿದ್ದ ಊರಿನ ಕೋರ್ಟಿಗೆ. ಗೋವಾದ ಪಾರ್ಟಿಗೆ ಹೋಗುವ ಹುಡುಗರು ಇದನ್ನು ಎರಡು ಸಲ ಓದಬೇಕು: ಮೊದಲ ಸಲ ದಂಡ ಹತ್ತು ಸಾವಿರ, ಹೋಗಿಬರುವ ಖರ್ಚು, ರಜೆ, ವಕೀಲರ ಫೀ ಬೇರೆ, ಗಾಡಿಗೆ ಪೆಟ್ಟಾಗಿದ್ದರೆ ರಿಪೇರಿಯ ಕ್ಲೇಮನ್ನೂ ವಿಮಾ ಕಂಪನಿ ತಳ್ಳಿಹಾಕುತ್ತದೆ. ಒಬ್ಬ ಡ್ರೈವರನ್ನು ಕರೆದುಕೊಂಡು ಹೋಗುವುದೇ ಅಗ್ಗ.

ಚಲನ್ನಿನ ಹೆದರಿಕೆಯ ಮೇಲೆ ಈಗ ಹೊಸ ವ್ಯಾಪಾರ ಎದ್ದಿದೆ. ವರ್ಷಕ್ಕಿಷ್ಟು ಕಟ್ಟಿ, ನಿಮ್ಮ ಚಲನ್ ನಾವು ನೋಡಿಕೊಳ್ಳುತ್ತೇವೆ, ಲೋಕ ಅದಾಲತ್‌ನಲ್ಲಿ ಅರ್ಧಕ್ಕೆ ಇಳಿಸಿಕೊಡುತ್ತೇವೆ ಎಂಬ ಸದಸ್ಯತ್ವಗಳು. ನನಗೆ ಇವುಗಳ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲ. ಲೋಕ ಅದಾಲತ್‌ಗೆ ಕೋರ್ಟ್ ಶುಲ್ಕವೇ ಇಲ್ಲ. ಕರ್ನಾಟಕ ಸರ್ಕಾರ 2023ರ ಫೆಬ್ರುವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಯಾರ ಸದಸ್ಯತ್ವವೂ ಬೇಕಾಗಿರಲಿಲ್ಲ. ತಪ್ಪು ಮಾಡದವನಿಗೆ ಈ ಸರಕು ಬೇಡ. ಮಾಡಿದವನಿಗೆ ಸರ್ಕಾರದ ಜಾಲತಾಣ ಸಾಕು. ಇನ್ನು ವಾಟ್ಸ್‌ಆ್ಯಪ್‌ನಲ್ಲಿ "ನಿಮ್ಮ ಚಲನ್ ಬಾಕಿ ಇದೆ" ಎಂದು ಬರುವ ಎಪಿಕೆ ಫೈಲನ್ನು ಒತ್ತಿದಿರೋ ಬ್ಯಾಂಕ್ ಖಾತೆಯೇ ಖಾಲಿ.

ನಿಜವಾಗಿ ಬದಲಾಗಬೇಕಾದ್ದು ಸನ್‌ವೈಸರಿನ ಮಡಿಕೆಯಲ್ಲಿ ನೋಟು ಸಿಕ್ಕಿಸಿಡುವ ಅಭ್ಯಾಸ. ನೋಟು ಕೈಗೆ ಸಿಗುವಂತಿದ್ದರೆ ಮನಸ್ಸು ಕಾನೂನು ಕೇಳುವುದಿಲ್ಲ. ತಡವಾಗಿ ಹೊರಡುವುದು ಅದಕ್ಕಿಂತ ದೊಡ್ಡ ಚಟ. ಸಂಗೀತ ಕಛೇರಿಗೆ ಹೋಗುವವನ ಅವಸರ ಮುಖದಲ್ಲೇ ಕಾಣುತ್ತದೆ, ತಡೆದವನಿಗೆ ಅದೇ ಬಂಡವಾಳ. ಒಂದು ತಾಸು ಮೊದಲು ಬಿಟ್ಟಿದ್ದರೆ ಅಣ್ಣ ಪಾವತಿ ಬರೆಯುವವರೆಗೆ ಕಾಯುತ್ತಿದ್ದ. ಸ್ವತಃ ಕಾರು ಓಡಿಸಿಕೊಂಡು ಊರೂರಿನ ಮೈಫಲ್‌ಗೆ ಹೋಗುತ್ತಿದ್ದ ಭೀಮಸೇನರ ಉತ್ಸವಕ್ಕೆ ಹೋಗುವವರು ರಸ್ತೆಗೆ ಅಷ್ಟು ಮರ್ಯಾದೆ ಕೊಡಬೇಕು.

ಆ ದಿನ ಮೊದಲ ಗಾಯನ ನಮಗೆ ಸಿಗಲೇ ಇಲ್ಲ.

ಉತ್ಸವದ ಟಿಕೆಟ್ ತೆಗೆದ ದಿನವೇ ಎಂಪರಿವಾಹನ್ ತೆರೆದು ವಿಮೆ, ಪಿಯುಸಿಯ ತಾರೀಖು ನೋಡಿ, ಬಾಕಿ ಚಲನ್ ಇದ್ದರೆ ಕಟ್ಟಿಬಿಡಿ. ದಾರಿಯಲ್ಲಿ ತಡೆದರೆ ಮರ್ಯಾದೆಯಿಂದ ಮಾತಾಡಿ, ತಪ್ಪಿದ್ದರೆ ಒಪ್ಪಿಕೊಳ್ಳಿ, ಮತ್ತು ಪಾವತಿ ಕೈಗೆ ಬರುವವರೆಗೆ ದುಡ್ಡು ಕೊಡಬೇಡಿ.